ನ್ಯೂಟನ್ ಹೇಳಿದ್ದು ಖರೇನಾ? ಗುರುತ್ವಾಕರ್ಷಣೆಯ ಬುನಾದಿ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕಲಬುರಗಿ, ಬೀದರ್, ಯಾದಗಿರಿ ಕಡೆಯ ಕಾಲೇಜುಗಳಲ್ಲಿ ಭೌತಶಾಸ್ತ್ರದ ಬಗ್ಗೆ ಮಾತಾಡಲು ಕರೆದರೆ ನಾನು ಹೋಗುತ್ತೇನೆ. ವಿಷಯ ಯಾವುದೇ ಇರಲಿ, ಕೊನೆಗೆ ಮಾತು ಗುರುತ್ವಾಕರ್ಷಣೆಗೇ ಬಂದು ನಿಲ್ಲುತ್ತದೆ. ಸಭೆ ಮುಗಿದ ಮೇಲೆ ಚಹಾ ಕುಡಿಯುತ್ತಾ ಕೇಳಿದ್ದು, ಪತ್ರದಲ್ಲಿ ಬಂದದ್ದು, ಬಸ್ಸಿನಲ್ಲಿ ಪಕ್ಕದವರು ಕೆಣಕಿದ್ದು, ಎಲ್ಲ ಸೇರಿಸಿ ಇಲ್ಲಿ ಇಟ್ಟಿದ್ದೇನೆ. ಪ್ರಶ್ನೆಗಳು ಕೇಳಿದವರ ಮಾತಿನಲ್ಲೇ ಇವೆ. ಪರೀಕ್ಷೆಗೆ ಓದುವವರಿಗೆ ಇದರಿಂದ ಜಾಸ್ತಿ ಉಪಯೋಗವಿಲ್ಲ. ‘ಈ ನಿಯಮವನ್ನು ನಾನು ಯಾಕೆ ಒಪ್ಪಬೇಕು?’ ಎನ್ನುವವರಿಗಾಗಿ ಬರೆದದ್ದು.

## ಮೊದಲ ಮೆಟ್ಟಿಲು

ಸರ್, ಗುರುತ್ವದ ಶಾಸ್ತ್ರೀಯ ಸಿದ್ಧಾಂತ ಅಂದ್ರ ಒಂದು ಸೂತ್ರ ಅಷ್ಟೇ ಅಲ್ಲೇನ್ರಿ?

ಸೂತ್ರ ಒಂದೇ, ಆದರೆ ಅದರ ಕೆಳಗೆ ಹಲವು ನಂಬಿಕೆಗಳಿವೆ. ನ್ಯೂಟನ್ 1687ರಲ್ಲಿ ‘ಪ್ರಿನ್ಸಿಪಿಯಾ’ ಎಂಬ ಪುಸ್ತಕದಲ್ಲಿ ಪ್ರಕಟಿಸಿದ್ದು ಇಷ್ಟು: ಜಗತ್ತಿನ ಪ್ರತಿ ಕಣವೂ ಉಳಿದ ಪ್ರತಿ ಕಣವನ್ನು ಎಳೆಯುತ್ತದೆ. ಎರಡರ ದ್ರವ್ಯರಾಶಿ ಹೆಚ್ಚಾದಷ್ಟೂ ಎಳೆತ ಹೆಚ್ಚು. ದೂರ ಎರಡು ಪಟ್ಟಾದರೆ ಎಳೆತ ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ, ಮೂರು ಪಟ್ಟಾದರೆ ಒಂಬತ್ತನೇ ಒಂದು ಭಾಗಕ್ಕೆ.

ಇದನ್ನು ಒಪ್ಪಿದಾಗ ಹೇಳದೆಯೇ ಇನ್ನೂ ಕೆಲವನ್ನು ಒಪ್ಪಿರುತ್ತೀರಿ. ನೆಲದ ಮೇಲೂ ಆಕಾಶದಲ್ಲೂ ನಿಯಮ ಒಂದೇ. ಎಳೆತ ತಲುಪಲು ಸಮಯ ಬೇಡ. ನಡುವೆ ಏನೂ ಇಲ್ಲದಿದ್ದರೂ ಎಳೆತ ತಲುಪುತ್ತದೆ. ಗಡಿಯಾರ ಎಲ್ಲಿದ್ದರೂ ಒಂದೇ ಥರ ಓಡುತ್ತದೆ. ಸೂತ್ರದ ಮೇಲೆ ಜಗಳ ಆಡಿದವರು ಕಡಿಮೆ. ಮುನ್ನೂರು ವರ್ಷ ನಿಜವಾದ ಜಗಳ ನಡೆದದ್ದು ಈ ನಂಬಿಕೆಗಳ ಮೇಲೆ.

ಭಾರ ಇದ್ದದ್ದೇ ಮೊದಲು ಬೀಳ್ಬೇಕಲ್ವಾ? ಕಣ್ಣಾರೆ ನೋಡ್ತೀವಲ್ಲ!

ಕಣ್ಣಾರೆ ನೋಡುವುದು ಗಾಳಿಯ ಆಟವನ್ನು. ಡೆಲ್ಫ್ಟ್ ನಗರದಲ್ಲಿ ಸೈಮನ್ ಸ್ಟೆವಿನ್ ಎಂಬಾತ 1586ರಲ್ಲೇ ಎರಡು ಸೀಸದ ಗುಂಡುಗಳನ್ನು ಎತ್ತರದಿಂದ ಬಿಟ್ಟು ನೋಡಿದ. ಒಂದರ ತೂಕ ಇನ್ನೊಂದರ ಹತ್ತು ಪಟ್ಟು. ಎರಡೂ ಒಟ್ಟಿಗೇ ಬಿದ್ದವು. ಗಾಳಿಯೇ ಇಲ್ಲದ ಚಂದ್ರನ ಮೇಲೆ 1971ರಲ್ಲಿ ಅಪೊಲೊ 15ರ ಡೇವಿಡ್ ಸ್ಕಾಟ್ ಸುತ್ತಿಗೆ ಮತ್ತು ಹಕ್ಕಿಯ ಗರಿಯನ್ನು ಒಟ್ಟಿಗೆ ಬಿಟ್ಟರು. ಅವೂ ಒಟ್ಟಿಗೇ ಬಿದ್ದವು.

ಪ್ರಯೋಗ ಬೇಡ ಎನ್ನುವವರಿಗೆ ಗೆಲಿಲಿಯೊನ ತರ್ಕ ಇದೆ. ಭಾರದ ಕಲ್ಲಿಗೆ ಹಗುರ ಕಲ್ಲನ್ನು ಕಟ್ಟಿ ಬಿಡಿ. ನಿಮ್ಮ ಪ್ರಕಾರ ಹಗುರ ಕಲ್ಲು ನಿಧಾನ, ಹಾಗಾಗಿ ಅದು ಭಾರದ ಕಲ್ಲನ್ನು ತಡೆಯಬೇಕು. ಆದರೆ ಎರಡೂ ಸೇರಿದರೆ ಒಟ್ಟು ಭಾರ ಜಾಸ್ತಿ, ಹಾಗಾಗಿ ಇನ್ನೂ ಬೇಗ ಬೀಳಬೇಕು. ಎರಡೂ ಹೇಗೆ ಸಾಧ್ಯ?

ಭೂಮಿ ಎಳೀತದ ಅಂದ್ರ ಚಂದ್ರ ಯಾಕ ಬೀಳಂಗಿಲ್ಲ?

ಬೀಳುತ್ತಲೇ ಇದ್ದಾನೆ. ಕಲಬುರಗಿ ಕೋಟೆಯ ಬಾರಾ ಗಜಿ ತೋಪನ್ನು ನೋಡಿದ್ದೀರಲ್ಲ, 29 ಅಡಿ ಉದ್ದದ್ದು? ನ್ಯೂಟನ್ ಅಂಥದ್ದೊಂದು ತೋಪನ್ನು ಬಹಳ ಎತ್ತರದ ಬೆಟ್ಟದ ತುದಿಯಲ್ಲಿ ಇಟ್ಟಂತೆ ಕಲ್ಪಿಸಿದ. ಗುಂಡನ್ನು ಅಡ್ಡಡ್ಡ ಹಾರಿಸಿದರೆ ಸ್ವಲ್ಪ ದೂರ ಹೋಗಿ ಬೀಳುತ್ತದೆ. ಮದ್ದು ಜಾಸ್ತಿ ತುಂಬಿದರೆ ಇನ್ನೂ ದೂರ. ಸೆಕೆಂಡಿಗೆ ಸುಮಾರು 7.9 ಕಿ.ಮೀ. ವೇಗ ಮುಟ್ಟಿದರೆ, ಗುಂಡು ಎಷ್ಟು ಬೀಳುತ್ತದೋ ಭೂಮಿಯ ಮೈಯೂ ಅಷ್ಟೇ ಕೆಳಗೆ ಬಾಗಿರುತ್ತದೆ. ಗುಂಡು ಬೀಳುತ್ತಲೇ ಸುತ್ತುತ್ತದೆ. ಗಾಳಿಯ ತಡೆಯನ್ನು ಮರೆತು ಹೇಳಿದ ಮಾತಿದು.

ಲೆಕ್ಕ ಹಾಕಿ ನೋಡಿ. ನೆಲದ ಹತ್ತಿರ ಕೈಬಿಟ್ಟ ಕಲ್ಲು ಮೊದಲ ಸೆಕೆಂಡಿನಲ್ಲಿ 4.9 ಮೀಟರ್ ಬೀಳುತ್ತದೆ. ಚಂದ್ರ ಇರುವುದು ಭೂಮಿಯ ತ್ರಿಜ್ಯದ 60 ಪಟ್ಟು ದೂರದಲ್ಲಿ. 60ರ ವರ್ಗ 3600. 4.9 ಮೀಟರನ್ನು 3600ರಿಂದ ಭಾಗಿಸಿದರೆ 1.36 ಮಿಲಿಮೀಟರ್. ಚಂದ್ರನ ಕಕ್ಷೆಯ ಅಳತೆ, ಸುತ್ತುವ ಅವಧಿ ಎರಡೂ ಗೊತ್ತಿರುವುದರಿಂದ ಅವನು ನೇರ ದಾರಿ ಬಿಟ್ಟು ಸೆಕೆಂಡಿಗೆ ಎಷ್ಟು ಬೀಳುತ್ತಾನೆ ಎಂದು ಬೇರೆಯಾಗಿಯೂ ತೆಗೆಯಬಹುದು. ಅದೂ 1.36 ಮಿಲಿಮೀಟರ್. ಪಿಯುಸಿ ಗಣಿತ ಸಾಕು. ಒಮ್ಮೆ ನೀವೇ ಹಾಕಿ ನೋಡಿ, ಸುಮ್ನೆ ನನ್ನ ಮಾತು ನಂಬಬೇಡಿ.

ಪುಸ್ತಕದಾಗ 9.8 ಅದ, ನಮ್ಮ ಲ್ಯಾಬಿನಾಗ 9.6 ಬರ್ತದ. ಕಲಬುರಗಿಯಾಗ ಗುರುತ್ವ ಕಡಿಮೆ ಏನ್ರಿ?

ಸ್ವಲ್ಪ ಕಡಿಮೆ ಹೌದು, ಆದರೆ ಅಷ್ಟಲ್ಲ. (ಬೀಳುವ ವಸ್ತುವಿನ ವೇಗ ಪ್ರತಿ ಸೆಕೆಂಡಿಗೂ ಸೆಕೆಂಡಿಗೆ ಎಷ್ಟು ಮೀಟರ್ ಏರುತ್ತದೆ ಎಂಬ ಅಂಕಿ ಇದು.) ಸುಮಾರು 17 ಡಿಗ್ರಿ ಅಕ್ಷಾಂಶ, 450 ಮೀಟರ್ ಎತ್ತರದ ನಮ್ಮಲ್ಲಿ ಅದು 9.78ರ ಆಸುಪಾಸು. ಧ್ರುವದಲ್ಲಿ 9.83. ಉಳಿದ ವ್ಯತ್ಯಾಸ ನಿಮ್ಮ ಲೋಲಕದ ಉದ್ದ ಅಳೆದ ರೀತಿಯಲ್ಲೋ ಸ್ಟಾಪ್‌ವಾಚ್ ಒತ್ತಿದ ಬೆರಳಲ್ಲೋ ಇದೆ.

ನಮ್ಮ ಭಾಸ್ಕರಾಚಾರ್ಯರು ಮೊದಲೇ ಹೇಳಿದ್ರಂತ, ನ್ಯೂಟನ್ ಕದ್ದದ್ದಂತ?

ಭೂಮಿಗೆ ಎಳೆಯುವ ಶಕ್ತಿ ಇದೆ, ಅದಕ್ಕೇ ವಸ್ತುಗಳು ಬೀಳುವಂತೆ ಕಾಣುತ್ತವೆ ಎಂದು ಭಾಸ್ಕರಾಚಾರ್ಯರು 1150ರ ‘ಸಿದ್ಧಾಂತ ಶಿರೋಮಣಿ’ಯಲ್ಲಿ ಬರೆದದ್ದು ನಿಜ. ಅವರಿಗಿಂತ ಐದು ಶತಮಾನ ಮೊದಲು ಬ್ರಹ್ಮಗುಪ್ತರೂ ಅದೇ ಅರ್ಥದ ಮಾತು ಹೇಳಿದ್ದರು. ಇದು ದೊಡ್ಡ ಮಾತೇ. ಆದರೆ ಎಳೆತ ದೂರದೊಂದಿಗೆ ಎಷ್ಟು ಇಳಿಯುತ್ತದೆ ಎಂಬ ಲೆಕ್ಕ ಅಲ್ಲಿಲ್ಲ. ಬೀಳುವ ಕಲ್ಲೂ ಭೂಮಿಯನ್ನು ಎಳೆಯುತ್ತದೆ ಎಂಬುದೂ ಇಲ್ಲ. ಮೇಲಿನ 1.36 ಮಿಲಿಮೀಟರ್ ಅಲ್ಲಿಂದ ಬರುವುದಿಲ್ಲ. ಕದ್ದದ್ದಕ್ಕೆ ಪುರಾವೆಯೂ ಇಲ್ಲ. ಭಾಸ್ಕರರು ಹೊಗಳಿಕೆಗೆ ಅರ್ಹರಾಗಲು ನ್ಯೂಟನ್ ಕಳ್ಳನಾಗಬೇಕಿಲ್ಲ.

ಗುರುತ್ವ ಅನ್ನೋದೇ ಇಲ್ಲ, ಎಲ್ಲಾ ಸಾಂದ್ರತೆ ಆಟ ಅಂತ ವಿಡಿಯೊ ನೋಡಿದೆ. ಖರೇನಾ?

ಅಲ್ಲ. ಸಾಂದ್ರತೆ ಹೆಚ್ಚಿದ್ದದ್ದು ಮುಳುಗುತ್ತದೆ, ಕಡಿಮೆ ಇದ್ದದ್ದು ತೇಲುತ್ತದೆ, ಸರಿ. ಆದರೆ ಯಾವ ಕಡೆಗೆ ಮುಳುಗಬೇಕು ಎಂದು ಸಾಂದ್ರತೆಗೆ ಹೇಗೆ ಗೊತ್ತು? ‘ಕೆಳಗೆ’ ಎಂಬ ದಿಕ್ಕು ಕೊಡುವುದೇ ಗುರುತ್ವ. ತೂಕವಿಲ್ಲದ ಅಂತರಿಕ್ಷ ನಿಲ್ದಾಣದಲ್ಲಿ ಎಣ್ಣೆ ನೀರಿನ ಮೇಲೆ ಬಂದು ನಿಲ್ಲುವುದಿಲ್ಲ. ನೀರಿನಲ್ಲಿನ ಗುಳ್ಳೆ ಎಲ್ಲಿದೆಯೋ ಅಲ್ಲೇ ಇರುತ್ತದೆ.

## ಬುನಾದಿಯ ಕಲ್ಲುಗಳು

ದೂರದ ವರ್ಗನೇ ಯಾಕೆ? 2ರ ಬದಲು 2.1 ಯಾಕಾಗಬಾರದು?

ನನಗೆ ಬಹಳ ಇಷ್ಟವಾದ ಪ್ರಶ್ನೆ. ಯಾದಗಿರಿಯ ಒಬ್ಬ ವಿದ್ಯಾರ್ಥಿನಿ ಕೇಳಿದ್ದು. ಘಾತ, ಅಂದರೆ ಸೂತ್ರದಲ್ಲಿ ದೂರದ ತಲೆಯ ಮೇಲಿನ ಆ ಅಂಕಿ, ಸರಿಯಾಗಿ 2 ಇದ್ದರೆ, ಗ್ರಹದ ಕಕ್ಷೆ ಮುಚ್ಚಿದ ದೀರ್ಘವೃತ್ತ. ಹೊರಟ ಜಾಗಕ್ಕೇ ಗ್ರಹ ಮರಳುತ್ತದೆ. ಘಾತ ಸ್ವಲ್ಪ ಆಚೀಚೆ ಆದರೆ ಕಕ್ಷೆಯೇ ನಿಧಾನವಾಗಿ ತಿರುಗಲು ಶುರು ಮಾಡುತ್ತದೆ. 2.1 ಆದರೆ ಭೂಮಿ ಸೂರ್ಯನಿಗೆ ಅತಿ ಹತ್ತಿರ ಬರುವ ಬಿಂದು ಪ್ರತಿ ಸುತ್ತಿಗೂ 19 ಡಿಗ್ರಿಗಿಂತ ಹೆಚ್ಚು ಸರಿಯಬೇಕು. ಅಂಥದ್ದೇನೂ ನಡೆಯುತ್ತಿಲ್ಲ.

ಇದನ್ನು ತಮಾಷೆ ಅಂದುಕೊಳ್ಳಬೇಡಿ. ಮಂಗಳನ ಉಪಗ್ರಹಗಳನ್ನು ಕಂಡುಹಿಡಿದ ಅಸಾಫ್ ಹಾಲ್ 1894ರಲ್ಲಿ ಘಾತವನ್ನು 2.00000016 ಎಂದು ಇಟ್ಟುಕೊಳ್ಳೋಣ ಎಂದರು. ಬುಧನ ಕಕ್ಷೆಯ ಒಂದು ಸಣ್ಣ ತಕರಾರು ಅದರಿಂದ ಸರಿಹೋಗುತ್ತಿತ್ತು. ಆದರೆ ಚಂದ್ರನ ಚಲನೆಯನ್ನು ಇನ್ನಷ್ಟು ಸೂಕ್ಷ್ಮವಾಗಿ ಲೆಕ್ಕ ಹಾಕಿದಾಗ ಅಲ್ಲಿ ಈ ತಿದ್ದುಪಡಿ ಹೊಂದಲಿಲ್ಲ. ಒಂದು ಕಡೆ ತೇಪೆ ಹಚ್ಚಿದರೆ ಇನ್ನೊಂದು ಕಡೆ ಹರಿಯಿತು.

ಮುಟ್ಟದೆ ಎಳೆಯೋದು ಹ್ಯಾಂಗ ಸಾಧ್ಯ? ಇದು ಮಾಟ ಇದ್ದಂಗ ಆಯ್ತಲ್ರಿ!

ನ್ಯೂಟನ್‌ಗೂ ಹಾಗೇ ಅನಿಸಿತ್ತು. 1690ರ ದಶಕದಲ್ಲಿ ಬೆಂಟ್ಲಿ ಎಂಬ ಪಾದ್ರಿಗೆ ಬರೆದ ಪತ್ರದಲ್ಲಿ, ನಡುವೆ ಏನೂ ಇಲ್ಲದೆ ಒಂದು ವಸ್ತು ದೂರದ ಇನ್ನೊಂದನ್ನು ಎಳೆಯುತ್ತದೆ ಎಂಬುದನ್ನು ಯೋಚಿಸಬಲ್ಲ ಮನುಷ್ಯ ಯಾರೂ ಒಪ್ಪಲಾರ ಎಂಬ ಅರ್ಥದಲ್ಲಿ ಹೇಳಿದ್ದಾನೆ. ಜರ್ಮನಿಯ ತತ್ತ್ವಜ್ಞಾನಿ ಲೈಬ್ನಿಟ್ಸ್ ಇದನ್ನೇ ಹಿಡಿದು ಹೀಯಾಳಿಸಿದ. ನ್ಯೂಟನ್ ‘ಪ್ರಿನ್ಸಿಪಿಯಾ’ದ 1713ರ ಎರಡನೇ ಮುದ್ರಣದಲ್ಲಿ ಕೊಟ್ಟ ಉತ್ತರದ ಸಾರ: ಕಾರಣ ನನಗೆ ಸಿಕ್ಕಿಲ್ಲ, ಊಹೆ ಕಟ್ಟುವುದಿಲ್ಲ, ಲೆಕ್ಕ ಸರಿ ಬರುತ್ತದೆ, ಸದ್ಯಕ್ಕೆ ಅಷ್ಟು ಸಾಕು.

ಹಾಗಾಗಿ ‘ನ್ಯೂಟನ್‌ಗೆ ಕಾರಣ ಗೊತ್ತಿರಲಿಲ್ಲ’ ಎಂದು ಬರೆಯುವವರು ಹೊಸದೇನೂ ಹೇಳುತ್ತಿಲ್ಲ. ಅವನೇ ಹೇಳಿಕೊಂಡಿದ್ದ.

ನನಗೆ ಬರುವ ‘ಹೊಸ ಸಿದ್ಧಾಂತ’ದ ಪತ್ರಗಳಲ್ಲಿ ದೊಡ್ಡ ಪಾಲು ಇಲ್ಲೇ ಹುಟ್ಟುತ್ತದೆ. ಎಲ್ಲ ದಿಕ್ಕಿನಿಂದಲೂ ಕಾಣದ ಸಣ್ಣ ಕಣಗಳು ಬಡಿಯುತ್ತಿವೆ, ಎರಡು ವಸ್ತು ಒಂದಕ್ಕೊಂದು ಮರೆಯಾದಾಗ ಹೊರಗಿನ ಬಡಿತ ಅವನ್ನು ಹತ್ತಿರ ತಳ್ಳುತ್ತದೆ ಎಂಬ ಯೋಚನೆ. ಚಂದದ ಯೋಚನೆ. ದೂರದ ವರ್ಗವೂ ತಾನಾಗಿ ಬರುತ್ತದೆ. ಹದಿನೆಂಟನೇ ಶತಮಾನದಲ್ಲಿ ಜಿನೀವಾದ ಲೆ ಸಾಜ್ ಇದನ್ನೇ ಜೀವನವಿಡೀ ಕಟ್ಟಿದ. ತೊಂದರೆ ಎರಡು. ಬೈಕ್ ಓಡಿಸುವಾಗ ಎದುರಿನ ಗಾಳಿ ಎದೆಗೆ ಜಾಸ್ತಿ ಬಡಿಯುತ್ತದಲ್ಲ, ಹಾಗೆ ಓಡುವ ಭೂಮಿಗೂ ಮುಂದಿನಿಂದ ಬಡಿತ ಜಾಸ್ತಿ ಆಗಿ ಅದರ ವೇಗ ಕುಂದಬೇಕಿತ್ತು. ಎರಡನೆಯದು ಇನ್ನೂ ಕಠಿಣ: ಬಡಿದ ಕಣಗಳ ಶಕ್ತಿ ಶಾಖವಾಗಬೇಕು. ಹತ್ತೊಂಬತ್ತನೇ ಶತಮಾನದಲ್ಲಿ ಮ್ಯಾಕ್ಸ್‌ವೆಲ್ ಇದನ್ನು ಎತ್ತಿ ತೋರಿಸಿದರು. ಆ ಲೆಕ್ಕದಲ್ಲಿ ಭೂಮಿ ಎಂದೋ ಕಾದು ಆವಿಯಾಗಿರಬೇಕು.

ಸೂರ್ಯ ಒಮ್ಮೆಲೇ ಮಾಯ ಆದ್ರ ಭೂಮಿಗೆ ಯಾವಾಗ ಗೊತ್ತಾಗ್ತದ?

ನ್ಯೂಟನ್ ಪ್ರಕಾರ ಅದೇ ಕ್ಷಣ. ಇಂದಿನ ತಿಳಿವಳಿಕೆ ಪ್ರಕಾರ ಬೆಳಕು ಬರುವಷ್ಟೇ ಹೊತ್ತು, ಅಂದರೆ ಸುಮಾರು 8 ನಿಮಿಷ 20 ಸೆಕೆಂಡ್ ಆದ ಮೇಲೆ. (ಸೂರ್ಯ ಹಾಗೆ ಮಾಯವಾಗಲು ನಿಯಮಗಳೇ ಬಿಡುವುದಿಲ್ಲ. ಕೇಳಿದ್ದಕ್ಕೆ ಹೇಳಿದೆ.)

ಫ್ರಾನ್ಸಿನ ಗಣಿತಜ್ಞ ಲಾಪ್ಲಾಸ್ ಇದನ್ನು ಗಂಭೀರವಾಗಿ ತೆಗೆದುಕೊಂಡಿದ್ದ. ಎಳೆತ ನಿಧಾನವಾಗಿ ಬಂದರೆ ಅದು ಸೂರ್ಯ ಹಿಂದೆ ಇದ್ದ ಜಾಗದ ಕಡೆ ಎಳೆಯುತ್ತದೆ, ಕಕ್ಷೆಗಳು ಕೆಡುತ್ತವೆ ಎಂದು ಲೆಕ್ಕ ಹಾಕಿದ. ಗುರುತ್ವದ ವೇಗ ಬೆಳಕಿನ 70 ಲಕ್ಷ ಪಟ್ಟಾದರೂ ಇರಬೇಕು ಎಂದ. ಲೆಕ್ಕ ಸರಿ, ಇಟ್ಟುಕೊಂಡ ಚಿತ್ರ ತಪ್ಪು. ಐನ್‌ಸ್ಟೈನ್‌ನ ಸಿದ್ಧಾಂತದಲ್ಲಿ ಎಳೆತ ವಸ್ತುವಿನ ವೇಗವನ್ನೂ ಅವಲಂಬಿಸುತ್ತದೆ. ಆ ಭಾಗ ಸೇರಿದಾಗ ಎಳೆತದ ದಿಕ್ಕು ಸೂರ್ಯ ಈಗ ಇರುವ ಜಾಗದ ಕಡೆಗೇ ತಿರುಗುತ್ತದೆ.

ಗುರುತ್ವದ ವೇಗವನ್ನು ಅಳೆದು ನೋಡಿದ್ದು 2017ರ ಆಗಸ್ಟ್ 17ರಂದು. ಸುಮಾರು 13 ಕೋಟಿ ಜ್ಯೋತಿರ್ವರ್ಷ ದೂರದಲ್ಲಿ ಎರಡು ನ್ಯೂಟ್ರಾನ್ ನಕ್ಷತ್ರಗಳು ಡಿಕ್ಕಿ ಹೊಡೆದಿದ್ದವು. ಆ ಡಿಕ್ಕಿ ಎಬ್ಬಿಸಿದ ಗುರುತ್ವದ ಅಲೆ ಬಂದ 1.7 ಸೆಕೆಂಡಿಗೆ, ಬೆಳಕಿನದೇ ಒಂದು ರೂಪವಾದ ಗಾಮಾ ಕಿರಣವೂ ಬಂತು. 13 ಕೋಟಿ ವರ್ಷದ ಓಟದಲ್ಲಿ ಎರಡು ಸೆಕೆಂಡೂ ಅಂತರ ಇಲ್ಲ.

ತೂಕದ ದ್ರವ್ಯರಾಶಿ, ತಳ್ಳುವಾಗಿನ ದ್ರವ್ಯರಾಶಿ, ಎರಡೂ ಒಂದೇ ಅಂತ ಯಾಕೆ ಒಪ್ಪಬೇಕು?

ಬುನಾದಿಯನ್ನೇ ಅಲ್ಲಾಡಿಸಬೇಕು ಎನ್ನುವವರು ಇಲ್ಲಿ ಕೈ ಹಾಕಬೇಕು. ಒಂದು ವಸ್ತುವನ್ನು ತಳ್ಳಿದಾಗ ಅದು ಎಷ್ಟು ಹಟ ಮಾಡುತ್ತದೆ ಎಂಬುದು ಒಂದು ಗುಣ. ಭೂಮಿ ಅದನ್ನು ಎಷ್ಟು ಎಳೆಯುತ್ತದೆ ಎಂಬುದು ಬೇರೆಯದೇ ಗುಣ. ವಿದ್ಯುತ್ತಿನಲ್ಲೂ ಇಂಥ ಎರಡು ಗುಣ ಬೇರೆ ಬೇರೆಯೇ. ಎಷ್ಟು ವಿದ್ಯುದಾವೇಶ ಇದೆ ಎಂಬುದಕ್ಕೂ ಎಷ್ಟು ಜಡತ್ವ ಇದೆ ಎಂಬುದಕ್ಕೂ ಸಂಬಂಧವಿಲ್ಲ. ಗುರುತ್ವದಲ್ಲಿ ಮಾತ್ರ ಎರಡೂ ತಾಳೆಯಾಗುತ್ತವೆ. ನ್ಯೂಟನ್‌ನ ಸಿದ್ಧಾಂತದಲ್ಲಿ ಇದಕ್ಕೆ ಕಾರಣವೇ ಇಲ್ಲ, ಅದೊಂದು ಕಾಕತಾಳೀಯ.

ಅವನಿಗೆ ಇದು ಗೊತ್ತಿತ್ತು. ಸುಮ್ಮನೆ ನಂಬಲಿಲ್ಲ. 11 ಅಡಿ ಉದ್ದದ ಎರಡು ಲೋಲಕಗಳನ್ನು ಮಾಡಿ ಚಿನ್ನ, ಬೆಳ್ಳಿ, ಸೀಸ, ಗಾಜು, ಮರಳು, ಉಪ್ಪು, ಮರ, ನೀರು, ಗೋಧಿ ಹೀಗೆ ಒಂದೊಂದನ್ನೇ ಪೆಟ್ಟಿಗೆಯಲ್ಲಿ ತುಂಬಿ ತೂಗಿಬಿಟ್ಟ. ಕಲಬುರಗಿಯವನಾಗಿದ್ದರೆ ತೊಗರಿಯನ್ನೂ ಹಾಕುತ್ತಿದ್ದ. ಎಲ್ಲವೂ ಜೊತೆಜೊತೆಗೇ ತೂಗಿದವು. ಸಾವಿರದಲ್ಲಿ ಒಂದು ಪಾಲಿನಷ್ಟು ವ್ಯತ್ಯಾಸ ಇದ್ದರೂ ಕಾಣುತ್ತಿತ್ತು ಎಂದು ಬರೆದ. ಹಂಗೇರಿಯ ಎಯೊಟ್ವೊಶ್ ಇದನ್ನು ನೂರಾರು ಕೋಟಿಯಲ್ಲಿ ಕೆಲವೇ ಪಾಲಿನವರೆಗೆ ಒಯ್ದರು. 2016ರಲ್ಲಿ ಹಾರಿಸಿದ ಫ್ರಾನ್ಸಿನ ಮೈಕ್ರೋಸ್ಕೋಪ್ ಉಪಗ್ರಹ ಟೈಟಾನಿಯಂ ಮತ್ತು ಪ್ಲಾಟಿನಂ ಮಿಶ್ರಲೋಹಗಳನ್ನು ಕಕ್ಷೆಯಲ್ಲಿ ‘ಬೀಳಿಸಿ’ ನೋಡಿತು. 2022ರ ಕೊನೆಯ ಫಲಿತಾಂಶದಲ್ಲಿ ಒಂದರ ಮುಂದೆ 15 ಸೊನ್ನೆ ಹಾಕಿದ ಸಂಖ್ಯೆಯಲ್ಲಿ ಕೆಲವು ಪಾಲಿನ ಮಟ್ಟಕ್ಕೂ ವ್ಯತ್ಯಾಸ ಕಾಣಲಿಲ್ಲ.

ಐನ್‌ಸ್ಟೈನ್ ಮಾಡಿದ್ದು, ಈ ಕಾಕತಾಳೀಯವನ್ನೇ ಬುನಾದಿ ಮಾಡಿಕೊಂಡದ್ದು. 1907ರಲ್ಲಿ ಹೊಳೆದದ್ದು ಇಷ್ಟು: ಮುಚ್ಚಿದ ಕೋಣೆಯಲ್ಲಿ ಕೂತವನಿಗೆ ಗುರುತ್ವಕ್ಕೂ ವೇಗೋತ್ಕರ್ಷಕ್ಕೂ (ವೇಗ ಬದಲಾಗುವ ದರಕ್ಕೂ) ವ್ಯತ್ಯಾಸ ತಿಳಿಯದು. ಬೀದರ್ ಆಕಾಶದಲ್ಲಿ ಹಾಕ್ ವಿಮಾನಗಳ ಕಸರತ್ತು ನೋಡಿದವರಿಗೆ ಇದು ಹತ್ತಿರದ್ದು. ಮೋಡದೊಳಗೆ ವಿಮಾನ ಓರೆಯಾಗಿ ತಿರುಗುತ್ತಿರುವಾಗ ಪೈಲಟ್‌ಗೆ ನೆಟ್ಟಗೆ ಕೂತಂತೆಯೇ ಅನಿಸುತ್ತದೆ. ಅದಕ್ಕೇ ಮೈಯ ಮಾತು ಕೇಳಬೇಡ, ಉಪಕರಣ ನೋಡು ಎಂದು ಅವರಿಗೆ ಕಲಿಸುತ್ತಾರೆ.

ದೊಡ್ಡ ‘ಜಿ’ಯನ್ನು ಇಷ್ಟು ವರ್ಷ ಆದ್ರೂ ಸರಿಯಾಗಿ ಅಳೆಯಕ್ಕಾಗಿಲ್ಲವಂತೆ?

ಎಳೆತ ಎಷ್ಟು ಬಲದ್ದು ಎಂದು ನ್ಯೂಟನ್ ಸೂತ್ರದಲ್ಲಿ ಹೇಳುವ ಸ್ಥಿರಾಂಕವೇ ಜಿ. ಉಳಿದ ಸ್ಥಿರಾಂಕಗಳಿಗೆ ಹೋಲಿಸಿದರೆ ಹೌದು, ನಾಚಿಕೆಪಡುವಷ್ಟು ಕಡಿಮೆ ಗೊತ್ತು. 1798ರಲ್ಲಿ ಕ್ಯಾವೆಂಡಿಶ್ ಸುಮಾರು 158 ಕೆಜಿಯ ಎರಡು ಸೀಸದ ಗೋಳಗಳನ್ನು ಸಣ್ಣ ಗುಂಡುಗಳ ಪಕ್ಕ ಇಟ್ಟು, ತಂತಿಗೆ ತೂಗಿಬಿಟ್ಟ ಕಂಬಿ ಎಷ್ಟು ತಿರುಚುತ್ತದೆ ಎಂದು ಹೊರಗಿನಿಂದ ದೂರದರ್ಶಕದಲ್ಲಿ ನೋಡಿದ. ಒಳಗೆ ನಿಂತರೆ ಮೈಶಾಖಕ್ಕೆ ಗಾಳಿ ಅಲುಗಿ ಎಲ್ಲ ಕೆಡುತ್ತಿತ್ತು. ಭೂಮಿ ನೀರಿಗಿಂತ ಸುಮಾರು ಐದೂವರೆ ಪಟ್ಟು ಸಾಂದ್ರ ಎಂದು ಅವನಿಗೆ ಸಿಕ್ಕಿತು. ಇಂದಿನ ಅಂಕಿ 5.51. ಭೂಮಿಯ ಸಾಂದ್ರತೆ ಗೊತ್ತಾದರೆ ಜಿ ತೆಗೆಯಬಹುದು.

ಎಳೆತ ಬಹಳ ದುರ್ಬಲ, ಅದಕ್ಕೆ ಮರೆ ಕಟ್ಟಲೂ ಆಗದು. ಪಕ್ಕದ ಗೋಡೆ, ನಡೆಯುವ ಜನ ಎಲ್ಲವೂ ಎಳೆಯುತ್ತವೆ. ಬೇರೆ ಬೇರೆ ಪ್ರಯೋಗಾಲಯಗಳ ಉತ್ತರಗಳು ಇಂದಿಗೂ ಪರಸ್ಪರ ಹೊಂದುವುದಿಲ್ಲ. ಇದನ್ನು ಹಿಡಿದು ‘ನಿಯಮವೇ ಸುಳ್ಳು’ ಎನ್ನುವವರಿದ್ದಾರೆ. ಆದರೆ ಗ್ರಹಗಳ ಲೆಕ್ಕಕ್ಕೆ ಜಿ ಒಂದೇ ಬೇಕಿಲ್ಲ, ಜಿ ಮತ್ತು ಸೂರ್ಯನ ದ್ರವ್ಯರಾಶಿಯ ಗುಣಲಬ್ಧ ಸಾಕು. ಅದು ಹತ್ತು ಅಂಕಿಗಳವರೆಗೆ ಗೊತ್ತು.

## ಲೆಕ್ಕ ಕೂಡದ ಜಾಗಗಳು

ಗುಡ್ಡ ಪಕ್ಕಕ್ಕೆ ಇದ್ರ ಅದೂ ಎಳೀಬೇಕಲ್ಲ? ಗೌಂಡಿಯವರ ತೂಗುಗುಂಡು ಓರೆ ಆಗ್ಬೇಕಲ್ಲ?

ಆಗುತ್ತದೆ! ಇದರ ಕಥೆಯಲ್ಲಿ ನಮ್ಮ ಬೀದರ್ ಸೀಮೆಯೂ ಇದೆ, ಆದರೆ ಇಲ್ಲಿ ಅದನ್ನು ಹೇಳುವವರೇ ಕಡಿಮೆ. ಹತ್ತೊಂಬತ್ತನೇ ಶತಮಾನದಲ್ಲಿ ಭಾರತವನ್ನು ದಕ್ಷಿಣದಿಂದ ಉತ್ತರಕ್ಕೆ ತ್ರಿಕೋನಗಳಲ್ಲಿ ಅಳೆದ ಮಹಾ ಸರ್ವೆ ನಡೆಯಿತು. ಬ್ರಿಟಿಷ್ ಅಧಿಕಾರಿ ಲ್ಯಾಂಬ್ಟನ್ 1815ರಲ್ಲಿ ಬೀದರ್ ಬಳಿ ನೆಲದ ಮೇಲೆ ಒಂದು ಆಧಾರ ರೇಖೆ ಅಳೆದ. ಹತ್ತಿರದ ದಾಮರಗಿದ್ದ ಎಂಬ ಊರು ಆ ಸರ್ವೆಯ ಮುಖ್ಯ ವೀಕ್ಷಣಾ ಕೇಂದ್ರಗಳಲ್ಲಿ ಒಂದಾಯಿತು. ಉತ್ತರಕ್ಕೆ ಮಧ್ಯ ಭಾರತದ ಕಲಿಯಾನಪುರ, ಅದರಾಚೆ ಗಂಗಾ ಬಯಲಿನ ಕಲಿಯಾನಾ.

ಕೊನೆಯ ಎರಡು ಊರುಗಳ ಅಂತರವನ್ನು ನೆಲದ ಮೇಲೆ ಅಳೆದಾಗ ಬಂದದ್ದೇ ಬೇರೆ, ನಕ್ಷತ್ರ ನೋಡಿ ತೆಗೆದಾಗ ಬಂದದ್ದೇ ಬೇರೆ. ವ್ಯತ್ಯಾಸ 5.236 ಆರ್ಕ್‌ಸೆಕೆಂಡ್, ನೆಲದ ಮೇಲೆ ಸುಮಾರು 160 ಮೀಟರ್. (ಒಂದು ಡಿಗ್ರಿಯ 3600ನೇ ಭಾಗ ಒಂದು ಆರ್ಕ್‌ಸೆಕೆಂಡ್.) ನಕ್ಷತ್ರ ನೋಡುವಾಗ ‘ನೆಟ್ಟಗೆ ಮೇಲೆ’ ಯಾವುದು ಎಂದು ಹೇಳುವುದು ತೂಗುಗುಂಡು. ಹಿಮಾಲಯ ಅದನ್ನು ಎಳೆದಿರಬೇಕು ಎಂದು ಕಲ್ಕತ್ತೆಯ ಆರ್ಚ್‌ಡೀಕನ್ ಜಾನ್ ಪ್ರ್ಯಾಟ್ ಎಂಬ ಹಿರಿಯ ಪಾದ್ರಿ ಲೆಕ್ಕಕ್ಕೆ ಕೂತ. ಕಲಿಯಾನಾದಲ್ಲಿ 27.853, ಕಲಿಯಾನಪುರದಲ್ಲಿ 11.968, ನಮ್ಮ ದಾಮರಗಿದ್ದದಲ್ಲಿ 6.909 ಆರ್ಕ್‌ಸೆಕೆಂಡ್ ಓರೆ ಬರಬೇಕು ಎಂದು ಬಂತು. ಮೊದಲ ಎರಡನ್ನು ಕಳೆದರೆ 15.885. ನೋಡಿದ್ದು 5.236. ಹಿಮಾಲಯ ಎಳೆಯಬೇಕಾದದ್ದರಲ್ಲಿ ಮೂರನೇ ಒಂದು ಪಾಲು ಮಾತ್ರ ಎಳೆಯುತ್ತಿದೆ!

ನಿಯಮ ತಪ್ಪೇ? 1855ರಲ್ಲಿ ಇಂಗ್ಲೆಂಡಿನ ಖಗೋಳಜ್ಞ ಜಾರ್ಜ್ ಏರಿ ಬೇರೆ ಉತ್ತರ ಕೊಟ್ಟರು: ಬೆಟ್ಟದ ಬುಡದಲ್ಲಿ ಹಗುರವಾದ ಕಲ್ಲು ಆಳಕ್ಕೆ ಇಳಿದಿದೆ, ಕೆಳಗಿನ ಆ ಕೊರತೆ ಮೇಲಿನ ಭಾರವನ್ನು ಸರಿದೂಗಿಸುತ್ತದೆ. ಪ್ರ್ಯಾಟ್ ಕೂಡ ಮುಂದೆ ತನ್ನದೇ ಥರದ ಇನ್ನೊಂದು ವಿವರಣೆ ಕೊಟ್ಟ. ಬೆಟ್ಟಗಳು ಒಂದರ್ಥದಲ್ಲಿ ತೇಲುತ್ತಿವೆ ಎಂಬ ತಿಳಿವಳಿಕೆ ಹುಟ್ಟಿದ್ದೇ ಈ ಕೂಡದ ಲೆಕ್ಕದಿಂದ. ನ್ಯೂಟನ್ ಉಳಿದ, ಭೂಮಿಯ ಒಳಗಿನ ಚಿತ್ರ ಬದಲಾಯಿತು.

ಬುಧ ಗ್ರಹ ನ್ಯೂಟನ್ನನ್ನ ಸೋಲಿಸ್ತು ಅಂತಾರೆ, ಏನದು?

ಯುರೇನಸ್ ಲೆಕ್ಕದಂತೆ ನಡೆಯುತ್ತಿರಲಿಲ್ಲ. ಕಾಣದ ಇನ್ನೊಂದು ಗ್ರಹ ಎಳೆಯುತ್ತಿದೆ ಎಂದು ಫ್ರಾನ್ಸಿನ ಲೆ ವೆರಿಯೆ ಹೇಳಿದರು. 1846ರ ಸೆಪ್ಟೆಂಬರ್ 23ರ ರಾತ್ರಿ ಬರ್ಲಿನ್‌ನಲ್ಲಿ ಗಾಲೆ ನೋಡಿದಾಗ, ಹೇಳಿದ ಜಾಗದಿಂದ ಒಂದು ಡಿಗ್ರಿಯೊಳಗೆ ನೆಪ್ಚೂನ್ ಸಿಕ್ಕಿತು. ನ್ಯೂಟನ್‌ಗೆ ಇದಕ್ಕಿಂತ ದೊಡ್ಡ ಗೆಲುವು ಇಲ್ಲ.

ಅದೇ ಲೆ ವೆರಿಯೆ 1859ರಲ್ಲಿ ಬುಧನ ಲೆಕ್ಕ ಹಿಡಿದರು. ಬುಧ ಸೂರ್ಯನಿಗೆ ಅತಿ ಹತ್ತಿರ ಬರುವ ಬಿಂದು ನಿಧಾನವಾಗಿ ಸರಿಯುತ್ತದೆ. ಬೇರೆ ಗ್ರಹಗಳ ಎಳೆತ ಸೇರಿಸಿದರೆ ಶತಮಾನಕ್ಕೆ ಸುಮಾರು 532 ಆರ್ಕ್‌ಸೆಕೆಂಡ್ ಬರುತ್ತದೆ, ನಿಜವಾಗಿ ಸುಮಾರು 575. ಇವು ಇಂದಿನ ಅಂಕಿಗಳು. ಉಳಿದ 43ಕ್ಕೆ ಯಜಮಾನನಿಲ್ಲ. ಈ ಸಲವೂ ಕಾಣದ ಗ್ರಹ ಇದೆ ಎಂದರು. ಅದಕ್ಕೆ ವಲ್ಕನ್ ಎಂಬ ಹೆಸರೂ ಆಯಿತು, ‘ನೋಡಿದೆ’ ಎಂದ ವೈದ್ಯರೂ ಸಿಕ್ಕರು. ಗ್ರಹಣಗಳಲ್ಲಿ ಹುಡುಕಿದ್ದೇ ಹುಡುಕಿದ್ದು, ಗ್ರಹ ಸಿಗಲಿಲ್ಲ. 1915ರ ನವೆಂಬರ್‌ನಲ್ಲಿ ಐನ್‌ಸ್ಟೈನ್‌ನ ಹೊಸ ಸಮೀಕರಣದಿಂದ 43 ತಾನಾಗಿ ಬಂತು. ಯಾವ ಅಂಕಿಯನ್ನೂ ತಿರುಚದೆ.

ಒಬ್ಬನೇ ಮನುಷ್ಯ, ಒಂದೇ ಉಪಾಯ, ಒಮ್ಮೆ ಗ್ರಹ ಸಿಕ್ಕಿತು, ಇನ್ನೊಮ್ಮೆ ನಿಯಮವೇ ಬದಲಾಯಿತು. ಕೂತಲ್ಲೇ ಯಾವುದು ಯಾವುದೆಂದು ಹೇಳಲು ಲೆ ವೆರಿಯೆಯಂಥವರಿಗೇ ಆಗಲಿಲ್ಲ.

ಹಂಗಾದ್ರ ನ್ಯೂಟನ್ ತಪ್ಪು ಅಂತಾದ ಮ್ಯಾಲೆ ಸಾಲ್ಯಾಗ ಯಾಕ ಕಲಸ್ತೀರಿ?

ಸೇತುವೆ, ಕಾಲುವೆ, ಬೀದರ್‌ನ ಹಳೆಯ ಕರೇಜ್ ಸುರಂಗದಲ್ಲಿ ಇಳಿಜಾರಿಗೆ ಹರಿಯುವ ನೀರು, ಚಂದ್ರಯಾನದ ದಾರಿಯ ದೊಡ್ಡ ಲೆಕ್ಕ, ಎಲ್ಲಕ್ಕೂ ನ್ಯೂಟನ್ ಸಾಕು. ಬುಧನಲ್ಲೂ ಶತಮಾನಕ್ಕೆ 43 ಆರ್ಕ್‌ಸೆಕೆಂಡ್ ಅಷ್ಟೇ ಕೊರತೆ. ಆದರೆ ನಿಮ್ಮ ಮೊಬೈಲಿನ ಜಿಪಿಎಸ್‌ಗೆ ಸಾಲದು. ಅಲ್ಲಿ ಮೇಲೆ ಉಪಗ್ರಹದಲ್ಲಿರುವ ಗಡಿಯಾರ ದಿನಕ್ಕೆ 38 ಮೈಕ್ರೋಸೆಕೆಂಡ್ ಮುಂದೆ ಓಡುತ್ತದೆ. ಆ ಹೊತ್ತಿನಲ್ಲಿ ಬೆಳಕು 11 ಕಿ.ಮೀ. ದಾಟುತ್ತದೆ. ಇದನ್ನು ಲೆಕ್ಕಕ್ಕೆ ಹಿಡಿದೇ ಜಿಪಿಎಸ್ ಕಟ್ಟಿದ್ದಾರೆ.

## ಇನ್ನೂ ತೆರೆದೇ ಇರುವುದು

ಡಾರ್ಕ್ ಮ್ಯಾಟರ್ ಅಂದ್ರೆ ತಪ್ಪು ಮುಚ್ಚೋ ನೆಪ ಅಲ್ವಾ ಸರ್?

ಅನುಮಾನ ನ್ಯಾಯವಾದದ್ದೇ. ಡಾರ್ಕ್ ಮ್ಯಾಟರ್ ಅಂದರೆ ಕಣ್ಣಿಗೆ ಕಾಣದಿದ್ದರೂ ಎಳೆಯುವ ದ್ರವ್ಯ. ಗ್ಯಾಲಕ್ಸಿ ಗುಂಪೊಂದರಲ್ಲಿ ಕಾಣುವ ದ್ರವ್ಯ ಸಾಲದು ಎಂದು ಖಗೋಳಜ್ಞ ಜ್ವಿಕಿ 1933ರಲ್ಲೇ ಹೇಳಿದ್ದರು. 1970ರ ದಶಕದಲ್ಲಿ ವೆರಾ ರೂಬಿನ್ ಮತ್ತು ಜೊತೆಯವರು ಗ್ಯಾಲಕ್ಸಿಗಳ ಅಂಚಿನಲ್ಲಿ ನಕ್ಷತ್ರ, ಅನಿಲಗಳು ಇರಬೇಕಾದದ್ದಕ್ಕಿಂತ ಬಹಳ ಬೇಗ ಸುತ್ತುತ್ತಿವೆ ಎಂದು ತೋರಿಸಿದರು. ಇದು ನೆಪ್ಚೂನೋ ವಲ್ಕನೋ?

ವಲ್ಕನ್ ಎನ್ನುವವರಲ್ಲಿ ಮುಖ್ಯರು ಇಸ್ರೇಲಿನ ಮಿಲ್‌ಗ್ರೋಮ್. 1983ರಲ್ಲಿ ಅವರು, ವೇಗೋತ್ಕರ್ಷ ಬಹಳ ಸಣ್ಣದಾದಾಗ ನ್ಯೂಟನ್‌ನ ನಿಯಮವೇ ಬದಲಾಗುತ್ತದೆ ಎಂದರು. ಎಷ್ಟು ಸಣ್ಣದು? ನಮ್ಮ ನೆಲದ ಗುರುತ್ವದ ಸುಮಾರು 8,000 ಕೋಟಿಯಲ್ಲಿ ಒಂದು ಪಾಲು. ಈ ಒಂದೇ ಅಂಕಿಯಿಂದ ನೂರಾರು ಗ್ಯಾಲಕ್ಸಿಗಳ ಸುತ್ತುವಿಕೆ ಅಚ್ಚರಿಯಾಗುವಷ್ಟು ಚೆನ್ನಾಗಿ ಹೊಂದುತ್ತದೆ. ಇದನ್ನು ತಳ್ಳಿಹಾಕುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಆದರೆ ಗ್ಯಾಲಕ್ಸಿ ಗುಂಪುಗಳಲ್ಲಿ ಅದು ಸೋಲುತ್ತದೆ. ಬುಲೆಟ್ ಕ್ಲಸ್ಟರ್ ಎಂಬಲ್ಲಿ ಎರಡು ಗುಂಪುಗಳು ಒಂದರೊಳಗೊಂದು ತೂರಿ ಹೋಗಿವೆ. ಕಾಣುವ ದ್ರವ್ಯದ ದೊಡ್ಡ ಪಾಲಾದ ಬಿಸಿ ಅನಿಲ ನಡುವೆ ಸಿಕ್ಕಿಬಿದ್ದಿದೆ, ಬೆಳಕನ್ನು ಬಗ್ಗಿಸುವ ಎಳೆತ ಮಾತ್ರ ಅನಿಲ ಇಲ್ಲದ ಕಡೆ ಇದೆ. 2006ರ ಈ ಫಲಿತಾಂಶವನ್ನು ನಿಯಮ ಬದಲಿಸಿ ವಿವರಿಸುವುದು ಕಷ್ಟ. ನನ್ನ ಒಲವು ಕಾಣದ ದ್ರವ್ಯದ ಕಡೆಗೆ. ಆದರೆ ಅದರ ಒಂದು ಕಣವೂ ಇಂದಿನವರೆಗೆ ಯಾವ ಪ್ರಯೋಗಾಲಯದಲ್ಲೂ ಸಿಕ್ಕಿಲ್ಲ ಎಂಬುದನ್ನು ಜೊತೆಗೇ ಹೇಳಬೇಕು.

ಖಾಲಿ ಆಕಾಶದಲ್ಲಿ ‘ನಿಂತಿದ್ದೀನಿ’ ಅನ್ನೋದಕ್ಕೆ ಅರ್ಥ ಇದೆಯಾ?

ನ್ಯೂಟನ್ ‘ಇದೆ’ ಎಂದ. ನೀರು ತುಂಬಿದ ಬಕೆಟ್ಟನ್ನು ಹಗ್ಗಕ್ಕೆ ಕಟ್ಟಿ ತಿರುಗಿಸಿದರೆ ನೀರು ಅಂಚಿಗೆ ಏರುತ್ತದೆ. ಯಾವುದಕ್ಕೆ ಹೋಲಿಸಿ ಅದು ತಿರುಗುತ್ತಿದೆ? ಬಕೆಟ್ಟಿಗಲ್ಲ, ಅದೂ ಜೊತೆಗೇ ತಿರುಗುತ್ತಿದೆ. ಖಾಲಿ ಜಾಗಕ್ಕೇ ಹೋಲಿಸಬೇಕು ಎಂದ ಅವನು. ಹತ್ತೊಂಬತ್ತನೇ ಶತಮಾನದಲ್ಲಿ ಆಸ್ಟ್ರಿಯಾದ ಭೌತವಿಜ್ಞಾನಿ ಮಾಖ್ ‘ಅಲ್ಲ, ದೂರದ ನಕ್ಷತ್ರಗಳಿಗೆ ಹೋಲಿಸಿ’ ಎಂದ. ಐನ್‌ಸ್ಟೈನ್‌ಗೆ ಇದು ಬಹಳ ಹಿಡಿಸಿತು, ಆದರೆ ಅವರ ಸಿದ್ಧಾಂತ ಅದನ್ನು ಪೂರ್ತಿ ಒಪ್ಪಲಿಲ್ಲ. ತಿರುಗುವ ಭೂಮಿ ತನ್ನ ಸುತ್ತಲಿನ ಜಾಗವನ್ನು ಒಂದಿಷ್ಟು ಎಳೆದುಕೊಂಡು ತಿರುಗುತ್ತದೆ ಎಂಬುದನ್ನು 2004ರಲ್ಲಿ ಹಾರಿದ ಗ್ರ್ಯಾವಿಟಿ ಪ್ರೋಬ್ ಬಿ ಉಪಗ್ರಹ ಅಳೆದಿದೆ. ಬಕೆಟ್ಟಿನ ಜಗಳ ಮಾತ್ರ ಪೂರ್ತಿ ಮುಗಿದಿಲ್ಲ.

ನಮ್ಮ ಭಾಗದಾಗ ಇದರ ಮ್ಯಾಲೆ ಏನರ ಕೆಲಸ ನಡದದೇನ್ರಿ?

ಬೀದರ್‌ನಿಂದ ಉತ್ತರಕ್ಕೆ ನೇರ ಗೆರೆ ಎಳೆದರೆ ಸುಮಾರು 200 ಕಿ.ಮೀ. ದೂರದಲ್ಲಿ, ಮಹಾರಾಷ್ಟ್ರದ ಹಿಂಗೋಲಿ ಜಿಲ್ಲೆಯ ಔಂಢಾ ನಾಗನಾಥ ಹತ್ತಿರ ಗುರುತ್ವದ ಅಲೆ ಹಿಡಿಯುವ ವೀಕ್ಷಣಾಲಯ ಲೈಗೋ ಇಂಡಿಯಾ ಬರಲಿದೆ. 2023ರ ಏಪ್ರಿಲ್‌ನಲ್ಲಿ ಕೇಂದ್ರ ಸಂಪುಟ ಸುಮಾರು 2,600 ಕೋಟಿ ರೂಪಾಯಿಗೆ ಒಪ್ಪಿಗೆ ಕೊಟ್ಟಿತು. ತಲಾ 4 ಕಿ.ಮೀ. ಉದ್ದದ ಎರಡು ತೋಳು. ಗುರುತ್ವದ ಅಲೆ ಬಂದಾಗ ತೋಳಿನ ಉದ್ದದಲ್ಲಿ ಪ್ರೋಟಾನಿನ ಅಗಲದ ಸಾವಿರದಲ್ಲಿ ಒಂದು ಪಾಲಿನಷ್ಟು ಬದಲಾವಣೆಯಾದರೂ ಅದು ಹಿಡಿಯಬೇಕು. ಅಮೆರಿಕದ ಲೈಗೋ 2015ರ ಸೆಪ್ಟೆಂಬರ್ 14ರಂದು ಮೊದಲ ಅಲೆ ಹಿಡಿದದ್ದೂ ಹೀಗೇ. ಎಂಜಿನಿಯರಿಂಗ್, ಲೇಸರ್, ನಿರ್ವಾತ ತಂತ್ರ ಓದುವ ನಮ್ಮ ಹುಡುಗ ಹುಡುಗಿಯರು ಈಗಿನಿಂದಲೇ ಅತ್ತ ಕಣ್ಣಿಡಲಿ.

ನಾನೇ ಒಂದು ಹೊಸ ಸಿದ್ಧಾಂತ ಬರ್ದೀನಿ. ಓದಿ ಹೇಳ್ತೀರೇನ್ರಿ?

ಓದುತ್ತೇನೆ. ಒಂದು ಷರತ್ತು. ನಿಮ್ಮ ಸಿದ್ಧಾಂತದಿಂದಲೇ ನಾಲ್ಕು ಅಂಕಿ ತೆಗೆದು ಮೊದಲ ಪುಟದಲ್ಲಿ ಬರೆಯಿರಿ. ಚಂದ್ರ ಒಂದು ಸೆಕೆಂಡಿನಲ್ಲಿ ಬೀಳುವ 1.36 ಮಿಲಿಮೀಟರ್. ಬುಧನ 43 ಆರ್ಕ್‌ಸೆಕೆಂಡ್. ಸೂರ್ಯನ ಅಂಚಿನಲ್ಲಿ ಬೆಳಕು ಬಾಗುವ 1.75 ಆರ್ಕ್‌ಸೆಕೆಂಡ್, ನ್ಯೂಟನ್ ಲೆಕ್ಕದಲ್ಲಿ ಇದರ ಅರ್ಧ ಮಾತ್ರ ಬರುತ್ತದೆ, 1919ರ ಗ್ರಹಣದಲ್ಲಿ ಎಡಿಂಗ್ಟನ್ ತಂಡ ನೋಡಲು ಹೋದದ್ದು ಇದನ್ನೇ. ನಾಲ್ಕನೆಯದು, 1974ರಲ್ಲಿ ಹಲ್ಸ್ ಮತ್ತು ಟೇಲರ್ ಕಂಡ ಜೋಡಿ ನಕ್ಷತ್ರ. ಅದರ ಏಳೂಮುಕ್ಕಾಲು ಗಂಟೆಯ ಸುತ್ತು ವರ್ಷಕ್ಕೆ ಸುಮಾರು 76 ಮೈಕ್ರೋಸೆಕೆಂಡ್ ಕಡಿಮೆಯಾಗುತ್ತಿದೆ. ಮೊದಲನೆಯದಕ್ಕೆ ಮಾತ್ರ ಉತ್ತರ ಬಂದರೂ ಕಳಿಸಿ, ಉಳಿದದ್ದು ಎಲ್ಲಿ ನಿಂತಿತು ಎಂದು ಜೊತೆಗೆ ಬರೆಯಿರಿ. ಕೈಬರಹವಾದರೂ ನಡೆಯುತ್ತದೆ.